ಎಣ್ಣೆ ಹಚ್ಚಿ ಹೋದ ಕಳ್ಳ

“ಮೂಸಿ ನೋಡ್ರಿ,” ಎಂದು ಬೆರಳನ್ನು ಓಬಳೇಶನ ಮೂಗಿನ ಬಳಿ ಒಯ್ದೆ.

ಗುಜರಿ ಅಂಗಡಿಯ ಓಬಳೇಶ ಎರಡು ಹೆಜ್ಜೆ ಹಿಂದೆ ಸರಿದ. ಕಬ್ಬಿಣದ ತೊಲೆಯನ್ನು ಒಬ್ಬನೇ ಎತ್ತುವ ಆಳು, ನನ್ನ ಬೆರಳಿಗೆ ಹೆದರಿದ್ದ.

“ಏನ್ ಮೇಡಂ ಇದು?”

“ಎಣ್ಣೆ. ಎಂಜಿನ್ನಿನ ಹಿತ್ತಾಳೆ ಗುಂಡು ಬಿಚ್ಚಿದ ಜಾಗದಾಗೆ ಸಿಕ್ತು. ಕಳ್ಳ ಗುಂಡು ತಗಂಡು ಸುಮ್ನೆ ಹೋಗಿಲ್ಲ. ಬೋಳಾದ ಕಬ್ಬಿಣಕ್ಕೆ ತುಕ್ಕು ಹಿಡೀಬಾರ್ದು ಅಂತ ಎಣ್ಣೆ ಹಚ್ಚಿ, ಮ್ಯಾಲೆ ಒಗೆದ ಬಟ್ಟೆ ಸುತ್ತಿ ಹೋಗ್ಯಾನೆ.”

“ಹಂಗಾದ್ರೆ ನನ್ನ ಬಿಡ್ರಿ ಮತ್ತೆ! ನಾನು ಕದ್ದಿದ್ರೆ ಎಣ್ಣೆ ಯಾಕ್ರೀ ಹಚ್ಲಿ? ಆ ಬಟ್ಟೇನೂ ಬಿಡ್ತಿರ್ಲಿಲ್ಲ, ನಟ್ಟು ಬೋಲ್ಟೂ ಬಿಡ್ತಿರ್ಲಿಲ್ಲ.”

ನನಗೆ ನಗು ಬಂತು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಬಿಚ್ಚಿದ ನಟ್ಟುಗಳೆಲ್ಲ ಒಂದು ತಟ್ಟೆಯಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಕೂತಿದ್ದವು. ಗುಜರಿಯವರು ಇಷ್ಟು ಮರ್ಯಾದಸ್ಥರಲ್ಲ.

ಹೋದ ಭಾನುವಾರ ಜಗಳೂರಿನ ಹಳೇ ಹತ್ತಿ ಮಿಲ್ಲಿನ ಎಂಜಿನ್ನಿನಿಂದ ಹಿತ್ತಾಳೆಯ ಜೋಡಿಗುಂಡು ಕಾಣೆಯಾಗಿತ್ತು. ನಾಳೆ ಬೆಳಿಗ್ಗೆ ಪುರಾತತ್ವ ಇಲಾಖೆಯವರು ಮಿಲ್ಲು ನೋಡಲು ಬರುವುದರೊಳಗೆ ಅದನ್ನು ಹುಡುಕಿಕೊಡುವುದು ನನ್ನ ಪಾಲಿಗೆ ಬಂದ ಕೆಲಸ.

ನಾನು ಪ್ರೇಮಲತಾ. ಚನ್ನಗಿರಿ ಬಸ್ ಸ್ಟ್ಯಾಂಡಿನ ಎದುರು ಮೊದಲ ಮಹಡಿಯಲ್ಲಿ ನನ್ನ ಆಫೀಸಿದೆ. ಬೋರ್ಡಿನ ಮೇಲೆ ‘ಖಾಸಗಿ ಪತ್ತೇದಾರಿ’ ಎಂದು ಬರೆಸಿದ್ದೇನೆ. ಮೆಟ್ಟಿಲು ಹತ್ತಿ ಬರುವವರು ಮಾತ್ರ ಹೆಣ್ಣು ಹೆತ್ತವರು. ಹುಡುಗ ಕುಡೀತಾನಾ, ಇಸ್ಪೀಟು ಆಡ್ತಾನಾ, ಅವರ ತಾಯಿ ಬಾಯಿ ಹೆಂಗೈತೆ ಎಂದು ವಿಚಾರಿಸಿ ಹೇಳುವುದೇ ನನ್ನ ಅನ್ನ. ಅಂಥ ನನ್ನನ್ನು ಒಂದು ಎಂಜಿನ್ನಿನ ಸಲುವಾಗಿ ಕರೆಸಿದ್ದಾರೆಂದರೆ, ಕರೆಸಿದವರ ಕಷ್ಟ ಎಷ್ಟಿರಬೇಕು ಲೆಕ್ಕ ಹಾಕಿ.

ಕರೆಸಿದವರು ಮಿಲ್ಲಿನ ಸಾವ್ಕಾರ ಕೊಟ್ರಬಸಪ್ಪನವರು. ಎಪ್ಪತ್ತು ದಾಟಿದ ಮನುಷ್ಯ. ಹಣೆಯ ವಿಭೂತಿ ಎಷ್ಟು ನೆಟ್ಟಗೋ ಮಾತೂ ಅಷ್ಟೇ ನೆಟ್ಟಗೆ. ಎಂಜಿನ್ನಿನ ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತು ನಮ್ಮಿಬ್ಬರ ಮಾತು ಕೇಳುತ್ತಿದ್ದರು.

“ಜೋಡಿಗುಂಡು ಇಲ್ದೆ ಎಂಜಿನ್ನು ಹಚ್ಚಾಕೆ ಆಗಲ್ವಾ ಸಾವ್ಕಾರ್ರೆ?” ಎಂದು ನಾನು ಮತ್ತೊಮ್ಮೆ ಕೇಳಿದೆ.

“ಹಚ್ಚಬೌದು. ನಿಲ್ಸೋರು ಯಾರು?”

ಅವರು ಎದ್ದು ತೋರಿಸಿದರು. ಎಂಜಿನ್ನು ತಿರುಗಿದಂತೆ ಅದರ ನೆತ್ತಿಯ ಮೇಲೆ ಎರಡು ಗುಂಡುಗಳೂ ತಿರುಗುತ್ತವೆ. ವೇಗ ಹೆಚ್ಚಾದರೆ ಗುಂಡುಗಳು ಅಗಲಕ್ಕೆ ಹಾರುತ್ತವೆ, ಒಳಗೆ ಹೋಗುವ ಡೀಸೆಲ್ ಕಡಿಮೆಯಾಗುತ್ತದೆ. ವೇಗ ಇಳಿದರೆ ಗುಂಡುಗಳೂ ಇಳಿದು ಡೀಸೆಲ್ ಹೆಚ್ಚು ಬಿಡುತ್ತವೆ. ಅವಿಲ್ಲದಿದ್ದರೆ ಎಂಜಿನ್ನು ಲಗಾಮು ಕಳಚಿದ ಕುದುರೆ. ಓಡುತ್ತಾ ಓಡುತ್ತಾ ಕೊನೆಗೆ ಆಳೆತ್ತರದ ಚಕ್ರವೇ ಒಡೆದು ಗೋಡೆ ತೂರಿಕೊಂಡು ಹೋಗುತ್ತದಂತೆ.

ಇಲಾಖೆಯವರ ಮಾತು ಸರಳವಾಗಿತ್ತು. ಎಂಜಿನ್ನು ತಿರುಗಿದರೆ ಇದು ಜೀವ ಇರುವ ಮಿಲ್ಲು, ಕಟ್ಟಡ ಯಂತ್ರ ಎಲ್ಲ ಸೇರಿಸಿ ರಕ್ಷಿತ ಸ್ಮಾರಕದ ಪಟ್ಟಿಗೆ ಶಿಫಾರಸು. ತಿರುಗದಿದ್ದರೆ ಇದೊಂದು ಹಳೇ ಗೋಡೌನು, ಮೇಲೆ ಬಿರುಕುಬಿಟ್ಟ ಚಿಮಣಿ. ಅಪಾಯದ ಕಟ್ಟಡ ಎಂದು ಕೆಡವಲು ಅನುಮತಿ ಪಡೆದುಕೊಂಡು, ಜಾಗದಲ್ಲಿ ಕಾಂಪ್ಲೆಕ್ಸ್ ಎಬ್ಬಿಸಲು ಹೊನ್ನಾಳಿ ಕಡೆಯ ಬಿಲ್ಡರ್ ಒಬ್ಬ ನಕ್ಷೆ ಹಿಡಿದು ಕಾಯುತ್ತಿದ್ದ.

ನಿಜ ಹೇಳಬೇಕೆಂದರೆ ಬರುವಾಗ ನನಗೆ ಸ್ವಲ್ಪ ಜಂಬವಿತ್ತು. ನಾವು ಅಡಿಕೆ ಸೀಮೆಯವರು. ಜಗಳೂರಿನಲ್ಲಿ ನೋಡುವಂಥದ್ದೇನಿದೆ ಎಂದುಕೊಂಡೇ ಬಸ್ಸಿಳಿದಿದ್ದೆ. ಮಿಲ್ಲಿನ ಒಳಗೆ ಕಾಲಿಟ್ಟ ಮೇಲೆ ಬಾಯಿ ಮುಚ್ಚಿತು. ಗರಗಸದ ಹಲ್ಲಿನಂಥ ಮಾಡು, ಒಂದೂ ಬಾಗದ ತೇಗದ ತೊಲೆಗಳು, ಗಾರೆಯ ಗೋಡೆ, ಮಾಡಿನ ಗಾಜಿನಿಂದ ಸಾಲಾಗಿ ಇಳಿಯುವ ಬೆಳಕು. ಹತ್ತಿಯ ಬೀಜ ಬಿಡಿಸುವ ಯಂತ್ರಗಳು ನಾಳೆಯೇ ಪಾಳಿ ಶುರುವಾಗುತ್ತದೆ ಎಂಬಂತೆ ನಿಂತಿದ್ದವು. ಇದನ್ನು ಕಟ್ಟಿದವರು ಇಲ್ಲಿಯ ಕಲ್ಲುಕುಟಿಗರು, ಇಲ್ಲಿಯ ಗಾರೆಯವರು. ಮಳೆ ಕಡಿಮೆಯ ಈ ಕೆಂಪು ನೆಲ ಹತ್ತಿ ಬೆಳೆದು, ಹಿಂಜಿ, ಮೂಟೆ ಕಟ್ಟಿ ಲೋಕಕ್ಕೆ ಕಳಿಸಿತ್ತು ಎನ್ನುವುದು ಆ ಗೋಡೆ ಮುಟ್ಟಿದರೆ ತಿಳಿಯುತ್ತದೆ.

ಊರಿನವರೂ ಸುಮ್ಮನೆ ಕೂತಿರಲಿಲ್ಲ. ಎರಡು ತಿಂಗಳಿಂದ ಮೇಷ್ಟ್ರು, ಹೋಟೆಲಿನವರು, ಕುರಿ ಕಾಯುವವರು ಎಲ್ಲ ಸೇರಿ ಮುಳ್ಳು ಕಡಿದು, ಹಂಚು ಸರಿಮಾಡಿ, ಸುಣ್ಣ ಬಳಿದಿದ್ದರು. ಯಾರೂ ಕೂಲಿ ಕೇಳಿರಲಿಲ್ಲ.

ಹೊರಗೆ ಬೈಕು ನಿಂತಿತು. ಒಳಗೆ ಬಂದವನು ಮಹಾಂತೇಶ್, ಕೊಟ್ರಬಸಪ್ಪನವರ ತಮ್ಮನ ಮಗ. ಮಿಲ್ಲಿನಲ್ಲಿ ಇವನಿಗೂ ಅರ್ಧ ಪಾಲಿದೆ. ಮಾರಿಬಿಡೋಣ ಎನ್ನುವವನೂ ಇವನೇ.

“ದೊಡ್ಡಪ್ಪ, ಬಿಲ್ಡರ್ ಮತ್ತೆ ಫೋನ್ ಮಾಡಿದ್ರು.”

“ಫೋನ್ ಎತ್ತಾಕೆ ಕಲ್ತೀಯ. ಇಡಾಕೆ ಯಾವಾಗ ಕಲೀತೀಯಪ್ಪ?”

ಮಹಾಂತೇಶನ ಮುಖ ಕೆಂಪಾಯಿತು. ನಾನು ಸಂದು ನೋಡಿ ಕೇಳಿದೆ: “ಭಾನುವಾರ ಎಲ್ಲಿದ್ರಿ?”

“ದಾವಣಗೆರೆಯಾಗೆ. ನನ್ನ ನಾದಿನಿ ನಿಶ್ಚಿತಾರ್ಥ ಇತ್ತು.”

“ಊಟಕ್ಕೆ ಏನ್ ಮಾಡಿಸಿದ್ರು?”

“ಹೋಳಿಗೆ, ಎರಡು ನಮೂನೆ ಪಲ್ಯ, ಕೋಸಂಬರಿ. ಸಾರಿಗೆ ಉಪ್ಪು ಜಾಸ್ತಿ ಆಗಿತ್ತು, ನಮ್ಮ ಮಾವ ಅಡುಗೆಯೋನ ಮ್ಯಾಲೆ ಹಾರಾಡಿದ್ರು. ಯಾಕೆ?”

“ಸುಮ್ನೆ ಕೇಳ್ದೆ.”

ಸುಳ್ಳು ಹೇಳುವವರಿಗೆ ಹೋಳಿಗೆ ನೆನಪಿರುತ್ತದೆ, ಸಾರಿನ ಉಪ್ಪು ನೆನಪಿರುವುದಿಲ್ಲ. ಇಷ್ಟು ವರ್ಷ ಗಂಡುಗಳ ಜಾತಕ ಜಾಲಾಡಿ ಕಲಿತ ವಿದ್ಯೆ ಇದು. ಇವನ ಆಸೆ ಕೆಟ್ಟದ್ದಿರಬಹುದು, ಭಾನುವಾರ ಮಾತ್ರ ಇವನು ಇಲ್ಲಿರಲಿಲ್ಲ.

ಹಾಗಾದರೆ ಯಾರು? ಈ ಎಂಜಿನ್ನು ಬಿಚ್ಚಲು ಗೊತ್ತಿರುವ ಫಿಟ್ಟರುಗಳನ್ನು ಹುಡುಕಿಕೊಂಡು ನಾನು ಹೊನ್ನಾಳಿಗೆ ಹೋಗಿ ಬಂದಿದ್ದೆ. ನ್ಯಾಮತಿಯಲ್ಲಿ ಒಬ್ಬ ಮುದುಕ ಮೇಸ್ತ್ರಿ, ಅಂಥ ಎಂಜಿನ್ನನ್ನು ಕಣ್ಣಲ್ಲೂ ನೋಡಿಲ್ಲ ಎಂದು ಮಗನ ತಲೆಯ ಮೇಲೆ ಕೈಯಿಟ್ಟಿದ್ದ. ನನ್ನ ಮಂಡಿ ನೋವು ಜಾಸ್ತಿಯಾಯಿತೇ ಹೊರತು ಗುಂಡಿನ ಸುಳಿವು ಸಿಕ್ಕಿರಲಿಲ್ಲ.

ಬೆರಳನ್ನು ಮತ್ತೊಮ್ಮೆ ಮೂಸಿದೆ. ಇದು ಎಂಜಿನ್ ಆಯಿಲ್ ಅಲ್ಲ. ಗ್ರೀಸೂ ಅಲ್ಲ. ಮಂದವಾದ, ಸ್ವಲ್ಪ ಕಮಟಾದ ವಾಸನೆ.

“ಹರಳೆಣ್ಣೆ ಕಣ್ ತಾಯಿ,” ಎಂದಿತು ಹಿಂದಿನಿಂದ ಒಂದು ದನಿ. ಕಸ ಗುಡಿಸುತ್ತಿದ್ದ ತಿಪ್ಪಮ್ಮ. ಹರೆಯದಲ್ಲಿ ಇದೇ ಮಿಲ್ಲಿನಲ್ಲಿ ಯಂತ್ರಕ್ಕೆ ಹತ್ತಿ ಹಾಕುತ್ತಿದ್ದವಳು. ಈಗ ಕರೆಯದಿದ್ದರೂ ದಿನಾ ಬಂದು ಗುಡಿಸುತ್ತಾಳೆ.

“ಯಾವ ಫಿಟ್ಟರ್ ಹರಳೆಣ್ಣೆ ಹಚ್ತಾನೆ ತಿಪ್ಪಮ್ಮ?”

“ಫಿಟ್ಟರ್ ಯಾಕೆ ಹಚ್ತಾನೆ? ಗುಂಡು ಬಿಚ್ಚಾದು ಗಂಡಸ್ರ ಕೆಲ್ಸ ಅಲ್ವಲ್ಲ.”

ನಾನು ತಿರುಗಿದೆ. “ಏನಂದೆ?”

“ಅಯ್ಯೋ, ಅಮಾಸೆ ಅಮಾಸೆಗೂ ಗುಂಡು ಸಾವ್ಕಾರ್ರ ಮನೀಗೇ ಹೋಗ್ತಿತ್ತು. ಹೆಣ್ಮಕ್ಕಳು ದೇವ್ರ ಸಾಮಾನಿನ ಜೊತೆಗೆ ಹುಣಸೆಹಣ್ಣು ಹಾಕಿ ತಿಕ್ಕಿ, ತಾವೇ ತಂದು ಏರ್ಸೋರು. ಆಮ್ಯಾಲೆ ಕಾಯಿ ಒಡೆದು ಎಂಜಿನ್ನು ಹಚ್ಚೋರು. ಗಂಡಸ್ರು ಗುಂಡು ಮುಟ್ಟಿದ್ದು ನಾ ಕಾಣೆ.”

“ಇದನ್ನ ಮೊದ್ಲೇ ಹೇಳಬಾರ್ದಿತ್ತಾ?”

“ಊರಿಗೆಲ್ಲ ಗೊತ್ತಿರಾದು ಇದು. ನೀವು ಕೇಳಿದ್ದು ಫಿಟ್ಟರ್ ಯಾರು ಅಂತ.”

ಮೈ ಉರಿಯಿತು. ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೇ. ಎಂಜಿನ್ನು ಎಂದ ಕೂಡಲೇ ನಟ್ಟು ತಿರುಗಿಸುವ ಪಾನಾ ಹಿಡಿದ ಗಂಡಸರನ್ನೇ ಹುಡುಕಿದ್ದೆ, ಅದೂ ಹೆಂಗಸಾಗಿ! ಕೊಟ್ರಬಸಪ್ಪನವರೂ ಹಾಗೆಯೇ ಯೋಚಿಸಿದ್ದರು, ಪೊಲೀಸರೂ ಹಾಗೆಯೇ. ಕಣ್ಣೆದುರಿನ ಅಮಾವಾಸ್ಯೆ ಪೂಜೆ ಯಾರ ತಲೆಗೂ ಹೊಳೆದಿರಲಿಲ್ಲ.

“ಸಾವ್ಕಾರ್ರೆ, ನಿಮ್ಮ ಮನೆಗೆ ಹೋಗಿ ಒಂದು ರೊಟ್ಟಿ ತಿಂದು ಬರ್ತೀನಿ,” ಎಂದೆ.

“ಹೋಗ್ ಬರ್ರಿ. ನಾನು ಇಲ್ಲೇ ಇರ್ತೀನಿ. ಇದನ್ನ ಒಂಟಿ ಬಿಡಾಕೆ ಮನ್ಸಿಲ್ಲ.”

ಓಬಳೇಶ ಅಂಗಡಿಗೆ ಹೋದ. ಮಹಾಂತೇಶ್ ಚಾ ಕುಡಿಯಲು ಸರ್ಕಲ್ಲಿನ ಕಡೆ ನಡೆದ. ತಿಪ್ಪಮ್ಮ ನನ್ನ ಜೊತೆಗೇ ಹೊರಟಳು.

ಸಾವ್ಕಾರರ ಮನೆ ಮಿಲ್ಲಿನ ಹಿಂದಿನ ಬೀದಿಯಲ್ಲಿದೆ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಕೊಟ್ರಬಸಪ್ಪನವರ ಹೆಂಡತಿ ಶಂಕ್ರಮ್ಮನವರು ಒಲೆಯ ಮುಂದೆ ಕೂತಿದ್ದರು. ಸಣ್ಣ ಆಳು, ಕೈ ಮಾತ್ರ ಗಟ್ಟಿ.

“ಬರ್ರಿ ಪ್ರೇಮಕ್ಕ. ಬಿಸಿ ರೊಟ್ಟಿ ಐತೆ.”

“ಅಮ್ಮಾರೆ, ಹರಳೆಣ್ಣೆ ಎಲ್ಲಿಟ್ಟೀರಿ?”

“ಯಾಕೆ, ಮೊಣಕಾಲು ನೋವಾ?”

“ನನಗಲ್ಲ. ಎಂಜಿನ್ನಿಗೆ.”

ರೊಟ್ಟಿಯ ಸಪ್ಪಳ ನಿಂತಿತು. ಶಂಕ್ರಮ್ಮನವರು ತಲೆ ಎತ್ತಿ ನನ್ನನ್ನು ನೇರವಾಗಿ ನೋಡಿದರು. ಕಳವಿನಲ್ಲಿ ಸಿಕ್ಕಿಬಿದ್ದವರ ಮುಖ ನಾನು ಎಷ್ಟೋ ನೋಡಿದ್ದೇನೆ. ಇದು ಅಂಥ ಮುಖವಾಗಿರಲಿಲ್ಲ.

“ಸ್ವಲ್ಪ ಹಚ್ಚಿದ್ದೆ. ಸಾಕಾಗಿಲ್ವಾ?” ಎಂದರು.

ಕೋಪ ಬಂತು ನನಗೆ. “ಅಮ್ಮಾರೆ, ನಿಮ್ಮ ಗುಂಡು ಹುಡುಕಾಕೆ ನಾನು ಹೊನ್ನಾಳಿ, ನ್ಯಾಮತಿ ಎಲ್ಲ ಅಲ್ಕಂಡು ಬಂದೀನಿ. ಪಾಪದ ಓಬಳೇಶನ್ನ ಪೊಲೀಸ್ರು ಎರಡು ಸಲ ಕರೆಸ್ಯಾರೆ. ನಿಮ್ಮ ಯಜಮಾನ್ರು ಊಟ ಬಿಟ್ಟು ಕುಂತಾರೆ!”

“ಗೊತ್ತೈತೆ. ಓಬಳೇಶನ ಮನೆಗೆ ಹೋಗಿ ನಾನೇ ಕೈ ಮುಗೀತೀನಿ. ಇವರ ಊಟದ್ದೂ ಗೊತ್ತೈತೆ, ತಟ್ಟೆ ಎತ್ತೋಳು ನಾನೇ ಅಲ್ವಾ?”

“ಮತ್ಯಾಕೆ ಹಿಂಗೆ ಮಾಡಿದ್ರಿ?”

ಅವರು ಕೈಯ ಹಿಟ್ಟು ಒರೆಸಿಕೊಂಡರು. “ಹೋದ ಶನಿವಾರ ಮಿಲ್ಲು ನೋಡಾಕೆ ಒಬ್ಬ ಬಂದಿದ್ದ. ಇಲಾಖೆಯೋನು ಅಂದ. ಭಾಳ ನಯವಾದ ಮಾತು. ‘ಅಮ್ಮಾರೆ, ಕುಡಿಯಾಕೆ ನೀರು ಕೊಡ್ತೀರಾ’ ಅಂತ ಕೇಳ್ದ. ನೀರು ತಗಂಡು ಹೋದ್ರೆ, ಗುಂಡಿನ ಬುಡದಾಗೆ ಪಾನಾ ಇಟ್ಟು ನೋಡ್ತಿದ್ದ. ಕಟ್ಟಡ ನೋಡಾಕೆ ಬಂದೋನಿಗೆ ಪಾನಾ ಯಾಕ್ರೀ? ಯಾವ ಸೈಜು ಬೇಕು ಅಂತ ಅಳತೆ ತಗಂತಿದ್ದ. ಅವನು ಬಿಚ್ಚೋಕಿಂತ ಮುಂಚೆ ನಾನೇ ಬಿಚ್ಚಿದೆ.”

“ಸಾವ್ಕಾರ್ರಿಗೆ ಹೇಳಬೌದಿತ್ತಲ್ಲ.”

“ಅವರ ಬಾಯಾಗೆ ಸುಳ್ಳು ನಿಲ್ಲಲ್ಲ ಪ್ರೇಮಕ್ಕ. ಯಾರಾದ್ರೂ ‘ಗುಂಡು ಎಲ್ಲಿ’ ಅಂತ ಕೇಳಿದ್ರೆ ‘ನಮ್ಮ ಅಡುಗೆಮನೆಯಾಗೆ’ ಅಂತ ಹೇಳಿಬಿಡೋರು. ಕಳುವಾಗೈತೆ ಅಂತ ಊರೆಲ್ಲ ನಂಬಿದ್ರೆ, ಕದಿಯಾಕೆ ಯಾರು ಬರ್ತಾರೆ?”

ಅವರು ಎದ್ದು ಜೋಳ ತುಂಬಿಡುವ ಗುಮ್ಮಿಯೊಳಗೆ ಕೈಯಿಳಿಸಿ ಒಂದು ಗಂಟು ತೆಗೆದರು. ಬಿಚ್ಚಿದರು. ಹಿತ್ತಾಳೆಯ ಎರಡು ಗುಂಡುಗಳು, ಅವುಗಳ ತೋಳುಗಳು. ದೇವರ ಮನೆಯ ದೀಪದ ಸಮೆಯ ಹಾಗೆ ಫಳಫಳ ಹೊಳೆಯುತ್ತಿದ್ದವು.

“ನಾನು ಮದುವೆಯಾಗಿ ಬಂದಾಗ ನಮ್ಮತ್ತೆ ತಿಜೋರಿ ಕೀಲಿ ಕೊಡ್ಲಿಲ್ಲ. ಮೊದ್ಲು ಇದನ್ನ ಕೈಗೆ ಕೊಟ್ರು. ‘ಇದು ತಿರುಗಿದ್ರೆ ಊರಿನ ಒಲೆ ಉರೀತಾವೆ, ನೆನಪಿಟ್ಕೋ’ ಅಂದ್ರು. ನಾಳೆ ಮಿಂದು, ಹೂವು ಏರಿಸಿ, ಇಲಾಖೆಯೋರ ಮುಂದೆ ನಾನೇ ಹಾಕಾಕೆ ಇದ್ದೆ. ಈಗ ಹೇಳ್ರಿ, ನಾನು ಕಳ್ಳಿನಾ?”

ಈ ಹೆಂಗಸಿನ ಮುಂದೆ ನನ್ನ ಪತ್ತೇದಾರಿಕೆ ಎಷ್ಟರದು ಅನ್ನಿಸಿತು. ತಿಪ್ಪಮ್ಮ ಗುಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಆಗ ಕೇಳಿಸಿತು.

ಡುಬ್. ಡುಬ್. ಡುಬ್.

ನೆಲದೊಳಗಿನಿಂದ ಬಂದಂಥ ಸದ್ದು. ಗೂಡಿನಲ್ಲಿದ್ದ ಲೋಟಗಳು ಅಲುಗಿದವು. ಬೀದಿಯಲ್ಲಿ ಬಾಗಿಲುಗಳು ತೆರೆದವು. ಯಾರೋ ಕೂಗಿದರು: “ಮಿಲ್ಲು ಹಚ್ಚಿದ್ರು! ಮಿಲ್ಲು ಹಚ್ಚಿದ್ರು!”

ನಾನು ಹೊಸಲಿಗೆ ಬಂದು ನೋಡಿದೆ. ಆ ನೋಟ ನಾನು ಮರೆಯುವುದಿಲ್ಲ. ಮುದುಕರು ಕಟ್ಟೆಯಿಂದ ಎದ್ದು ನಿಂತಿದ್ದರು. ಒಬ್ಬಾಕೆ ಅಂಗಳದಲ್ಲೇ ಮಿಲ್ಲಿನ ದಿಕ್ಕಿಗೆ ಕೈ ಮುಗಿದಿದ್ದಳು. ಟೀ ಅಂಗಡಿಯವನು ಸೋಸುತ್ತಿದ್ದ ಚಾ ಹಾಗೇ ಬಿಟ್ಟು ಹೊರಗೆ ಬಂದು, “ನಮ್ಮೂರಿನ ದನಿ ಕಣ್ರೋ ಇದು!” ಎಂದು ಯಾರು ಯಾರಿಗೋ ಹೇಳುತ್ತಿದ್ದ. ಆ ಸದ್ದು ಕೇಳದೆ ಹುಟ್ಟಿ ಬೆಳೆದ ಹುಡುಗರೂ ಎದೆ ಉಬ್ಬಿಸಿ ಓಡುತ್ತಿದ್ದರು.

ಶಂಕ್ರಮ್ಮನವರ ಮುಖ ಮಾತ್ರ ಬಿಳಿಚಿಕೊಂಡಿತ್ತು.

“ಗುಂಡು ನನ್ನ ಕೈಯಾಗೈತೆ ಪ್ರೇಮಕ್ಕ,” ಎಂದರು.

ಡುಬ್ ಡುಬ್ ಡುಬ್. ಸದ್ದು ಒತ್ತೊತ್ತಾಗಿ ಬರತೊಡಗಿತ್ತು. ಒಬ್ಬರಿಂದ ಆ ಚಕ್ರ ತಿರುಗಿಸಿ ಎಂಜಿನ್ನು ಹಚ್ಚಲು ಸಾಧ್ಯವಿಲ್ಲ. ಗುಂಡಿಲ್ಲದೆ ಹಚ್ಚಲು ಕೊಟ್ರಬಸಪ್ಪನವರು ಪ್ರಾಣ ಹೋದರೂ ಒಪ್ಪುವವರಲ್ಲ.

ಶಂಕ್ರಮ್ಮನವರು ಒಂದು ಗುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಿದರು. ನಾನು ಹಿಂದೆಯೇ ಕುಂಟುತ್ತಾ ಓಡಿದೆ. ಎದುರು ಸಿಕ್ಕವರಿಗೆಲ್ಲ “ದೂರ ಹೋಗ್ರಿ, ಮಿಲ್ಲಿನ ಹತ್ರ ಬರಬ್ಯಾಡ್ರಿ!” ಎಂದು ಕಿರುಚಿದೆ. ಸಂತೋಷದ ಮುಖಗಳು ಅರ್ಥವಾಗದೆ ನನ್ನನ್ನೇ ನೋಡಿದವು.

ಎಂಜಿನ್ ಮನೆಯ ಬಾಗಿಲ ಮುಂದೆ ಕೊಟ್ರಬಸಪ್ಪನವರ ಚಪ್ಪಲಿ ಬಿದ್ದಿದ್ದವು. ಒಂದು ಇಲ್ಲಿ, ಇನ್ನೊಂದು ಅಲ್ಲಿ. ಬಾಗಿಲಿಗೆ ಹೊರಗಿನಿಂದ ಹೊಸ ಬೀಗ. ಮಹಾಂತೇಶ್ ಬಾಗಿಲನ್ನು ಒದೆಯುತ್ತಿದ್ದ. ಬೀಗ ಜಗ್ಗಿ ಜಗ್ಗಿ ಅಂಗೈ ಕಿತ್ತು ರಕ್ತ ಸುರಿಯುತ್ತಿತ್ತು.

“ಸದ್ದು ಕೇಳಿ ಓಡಿ ಬಂದೆ, ಆಗ್ಲೇ ಬೀಗ ಬಿದ್ದಿತ್ತು. ದೊಡ್ಡಪ್ಪ ಒಳಗವ್ರೆ ದೊಡ್ಡವ್ವ! ಕೂಗಿದ್ರೆ ಓ ಅನ್ನವಲ್ರು!”

ಒಳಗಿನ ಸದ್ದು ಈಗ ಬಿಡಿಬಿಡಿಯಾಗಿರಲಿಲ್ಲ, ಒಂದೇ ಮೊರೆತವಾಗಿತ್ತು. ಮಾಡಿನಿಂದ ಹಂಚು ಜಾರಿ ಬಿದ್ದವು. ಹೊಸ ಸುಣ್ಣ ಹಕ್ಕಳೆ ಏಳುತ್ತಿತ್ತು.

ಶಂಕ್ರಮ್ಮನವರು ಸೆರಗು ಬಿಚ್ಚಿ ಗುಂಡನ್ನು ಎರಡೂ ಕೈಯಲ್ಲಿ ಎತ್ತಿದರು. ಮದುವೆಯಾದಾಗಿನಿಂದ ಒಂದು ಗೀರೂ ಬೀಳದಂತೆ ಕಾಪಾಡಿದ ಗುಂಡು ಅದು. ಅದರಿಂದಲೇ ಬೀಗಕ್ಕೆ ಬಾರಿಸಿದರು. ಇನ್ನೊಮ್ಮೆ ಬಾರಿಸಿದರು. ಬೀಗ ಕೊಂಡಿ ಸಮೇತ ಕಿತ್ತು ಬಂತು.

“ದೊಡ್ಡವ್ವ, ಒಳಗೆ ಹೋಗಬ್ಯಾಡ್ರಿ, ಚಕ್ರ ಒಡಿತೈತೆ!” ಮಹಾಂತೇಶ್ ಅಡ್ಡ ನಿಂತ.

“ಸರಿಯೋ!”

ಅವರು ತಲೆ ತಗ್ಗಿಸಿ ಗೋಡೆಯ ಬದಿಯಲ್ಲೇ ನುಗ್ಗಿದರು. ಡೀಸೆಲ್ ಬರುವ ಕೊಳವೆಯ ತಿರುಪಿಗೆ ಕೈ ಹಾಕಿ ತಿರುಗಿಸಿದರು. ಮೊರೆತ ಇನ್ನಷ್ಟು ಏರಿದಂತಾಯಿತು, ಆಮೇಲೆ ಕೆಮ್ಮಿತು, ಕೊನೆಗೆ ಇಳಿಯತೊಡಗಿತು. ಆಳೆತ್ತರದ ಚಕ್ರ ನಿಧಾನವಾಗಿ, ಭಾರವಾಗಿ ನಿಂತಿತು. ಒಡೆದಿರಲಿಲ್ಲ. ಗೋಡೆಯೂ ಬಿದ್ದಿರಲಿಲ್ಲ. ನಮ್ಮ ಕಲ್ಲುಕುಟಿಗರು ಕಟ್ಟಿದ ಗೋಡೆ!

ಹೊಗೆ ತಿಳಿಯಾದ ಮೇಲೆ ನಾವು ಮೂಲೆ ಮೂಲೆ ಹುಡುಕಿದೆವು. ಮರದ ಪೆಟ್ಟಿಗೆ ಮಗುಚಿ ಬಿದ್ದಿತ್ತು. ಕೊಟ್ರಬಸಪ್ಪನವರು ಇರಲಿಲ್ಲ. ಎಂಜಿನ್ನು ಹಚ್ಚಿದವರು ಅವರನ್ನು ಬರಿಗಾಲಲ್ಲೇ ಎಳೆದೊಯ್ದು, ಯಾರೂ ನಿಲ್ಲಿಸಬಾರದೆಂದು ಬೀಗ ಹಾಕಿ ಹೋಗಿದ್ದರು.

ಮಹಾಂತೇಶ್ ನೆಲಕ್ಕೆ ಕುಸಿದ. “ಮಾರೋಣ ಅಂದಿದ್ದೆ ಮೇಡಂ, ನಿಜ. ಹಿಂಗೆ ಮಾಡ್ರಿ ಅಂತ ಯಾರಿಗೂ ಹೇಳಿಲ್ಲ,” ಎಂದು ಅಳತೊಡಗಿದ. ಆ ಅಳು ನನಗೆ ನಿಜವೆನ್ನಿಸಿತು.

ಶಂಕ್ರಮ್ಮನವರು ಅಳಲಿಲ್ಲ. ತಿಪ್ಪಮ್ಮ ಹಿಂದಿನಿಂದ ತಂದಿದ್ದ ಇನ್ನೊಂದು ಗುಂಡು, ತೋಳುಗಳನ್ನು ಕೈಗೆ ತೆಗೆದುಕೊಂಡರು. ನಟ್ಟುಗಳ ತಟ್ಟೆ ಹತ್ತಿರ ಎಳೆದುಕೊಂಡು ಜೋಡಿಸಲು ಕೂತರು.

“ಅಮ್ಮಾರೆ, ಈಗ ಇದು ಬೇಕಾ?” ಎಂದೆ.

“ನಾಳೆ ಇದು ತಿರುಗಬೇಕು. ಅವ್ರನ್ನ ಹುಡುಕಾದು ನಿಮ್ಮ ಕೆಲ್ಸ. ಇದು ನನ್ನ ಕೆಲ್ಸ.”

ಅಷ್ಟರಲ್ಲಿ ಮಹಾಂತೇಶನ ಫೋನು ಹೊಡೆದುಕೊಂಡಿತು. ನೋಡಿದವನು ಹಾಗೇ ನನ್ನ ಕಡೆ ಚಾಚಿದ. ಪರದೆಯ ಮೇಲೆ ‘ದೊಡ್ಡಪ್ಪ’ ಎಂದಿತ್ತು. ಸ್ಪೀಕರ್ ಒತ್ತಿದೆ.

“ಅಮ್ಮಾರೆ ಇದಾರಾ?” ನಯವಾದ, ಅವಸರವಿಲ್ಲದ ಗಂಡು ದನಿ. “ಎಂಜಿನ್ನು ಉಳಿಸ್ಕಂಡ್ರಂತೆ, ಒಳ್ಳೇದಾಯ್ತು. ನಾಳೆ ಇಲಾಖೆಯೋರ ಮುಂದೆ ಮಾತ್ರ ಅದು ತಿರುಗಬಾರ್ದು. ತಿರುಗಿದ್ರೆ ನಿಮ್ಮ ಯಜಮಾನ್ರು ಮನೆಗೆ ಬರಲ್ಲ.”

ಶಂಕ್ರಮ್ಮನವರ ಕಣ್ಣು ದೊಡ್ಡದಾಯಿತು. ನೀರು ಕೇಳಿದ್ದ ದನಿ ಇದೇ ಎಂದು ಅವರು ನನಗೆ ಹೇಳಬೇಕಾಗಿರಲಿಲ್ಲ.

“ಅವರು ಬದುಕ್ಯಾರೆ ಅಂತ ನಂಗೆ ಹೆಂಗೆ ಗೊತ್ತಾಗಬೇಕು? ಫೋನ್ ಅವ್ರ ಕೈಗೆ ಕೊಡು,” ಎಂದರು.

ಆ ಕಡೆ ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಉಸಿರು ಸಿಕ್ಕಿಕೊಂಡ, ಆದರೂ ನೆಟ್ಟಗಿದ್ದ ಕೊಟ್ರಬಸಪ್ಪನವರ ದನಿ, ಮಿಲ್ಲಿನ ಗೋಡೆಗಳೆಲ್ಲ ಕೇಳುವಂತೆ ಕೂಗಿತು:

“ಹಚ್ಚೇ! ನನ್ನ ನೋಡಬ್ಯಾಡ. ನಾಳೆ ಎಂಜಿನ್ನು ಹಚ್ಚೇ!”

ಧಪ್ ಎಂದು ಏನೋ ಬಿದ್ದ ಸದ್ದಾಗಿ ಫೋನು ಕಟ್ಟಾಯಿತು.

ಬಾಗಿಲ ತುಂಬ ಊರವರು ನಿಂತಿದ್ದರು. ಶಂಕ್ರಮ್ಮನವರು ಕೊನೆಯ ನಟ್ಟನ್ನು ಅದರ ಜಾಗದಲ್ಲಿಟ್ಟರು. ಪಾನಾ ಕೈಗೆತ್ತಿಕೊಂಡರು. ತಿರುಗಿಸಲಿಲ್ಲ.